ಮಹಾವೀರಾಚಾರ್ಯನ ಸಂಖ್ಯಾಕಂಠಿಕೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ. ಶ. ೮೫೦ರ ಸುಮಾರಿನಲ್ಲಿ, ಹುಟ್ಟಿದ ಎರಡು ಗ್ರಂಥಗಳು ಕನ್ನಡನಾಡಿನ ವಿದ್ವತ್ತಿನ ಚರಿತ್ರೆಯಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುವು. ಒಂದು ಕವಿರಾಜಮಾರ್ಗ, ಇನ್ನೊಂದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಮೊದಲನೆಯದನ್ನು ಕನ್ನಡ ಸಾಹಿತ್ಯವನ್ನು ಓದಿದವರೆಲ್ಲರೂ ಬಲ್ಲರು. ಎರಡನೆಯದು ಸಂಸ್ಕೃತದಲ್ಲಿರುವುದೆಂದು ಕನ್ನಡದ ಅಧ್ಯಾಪಕರೂ, ಪದ್ಯದಲ್ಲಿರುವುದೆಂದು ಗಣಿತದ ಅಧ್ಯಾಪಕರೂ ಅದಕ್ಕೆ ದೂರದಿಂದಲೇ ಕೈಮುಗಿದು ನಡೆದುಬಿಡುತ್ತಾರೆ. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಹೋಲಿಸಿ ಇಂಗ್ಲಿಷ್ ಭಾಷಾಂತರದೊಡನೆ ಈ ಗ್ರಂಥವನ್ನು ೧೯೧೨ರಲ್ಲಿ ಪ್ರಕಟಿಸಿದರು. ೧೯೬೩ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದವೂ, ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದುವು. ಸಾಮಗ್ರಿಯ ಕೊರತೆಯಿಲ್ಲ. ಕೊರತೆಯಿರುವುದು ವಿಮರ್ಶೆಯಲ್ಲಿ.

ಈ ಗ್ರಂಥದ ಪರಿಕರ್ಮಭಾಗದಲ್ಲಿ ಗುಣಾಕಾರಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಕೆಲವು ವಿಲಕ್ಷಣವಾಗಿವೆ. ಆಚಾರ್ಯನು ಒಂದು ಸಂಖ್ಯೆಯ ಅಂಕಗಳನ್ನು ಏಕಸ್ಥಾನದಿಂದ ಮೇಲಕ್ಕೆ ಒಂದೊಂದಾಗಿ ಹೇಳಿ, ಇಂತಿಷ್ಟರಿಂದ ಗುಣಿಸೆಂದು ವಿಧಿಸಿ, ಬಂದ ಲಬ್ಧವು ಒಂದು ‘ಕಂಠಿಕೆ’, ಎಂದರೆ ಕೊರಳಹಾರ, ಎಂದು ನುಡಿಯುತ್ತಾನೆ. ಒಂದು ಲಬ್ಧವು ರಾಜರಿಗೆ ತಕ್ಕ ಹಾರ. ಮತ್ತೊಂದು ರಾಜಕುಮಾರನಿಗೆ ತಕ್ಕುದು. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧ ಬರುತ್ತದೆ. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ಆರು ಮೂರುಗಳು, ಐದು ಆರುಗಳು, ಕೊನೆಗೊಂದು ಏಳು ಸೇರಿದ ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಎಡದಿಂದ ಓದಿದರೂ ಬಲದಿಂದ ಓದಿದರೂ ಇವು ಒಂದೇ. ಈ ಗುಂಪಿನಲ್ಲಿಯೇ ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವೊಂದುಂಟು. ಅದರ ಲಬ್ಧವು ೧೨೩೪೫೬೫೪೩೨೧. ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಆಚಾರ್ಯನು ಇದನ್ನು ವರ್ಣಿಸುತ್ತಾನೆ. ಪ್ರಕೃತ ವಿಚಾರಕ್ಕೆ ಈ ಸಂಖ್ಯೆಯೇ ಮುಖ್ಯವಿಷಯ.

ಇಂತಹ ಲೆಕ್ಕಗಳನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಇವು ಬಾಲರಂಜನೆಗಾಗಿ ಮಾಡಿದ ಚಮತ್ಕಾರಗಳೆಂದೂ, ಶಾಸ್ತ್ರದೃಷ್ಟಿಯಿಂದ ಇವುಗಳಲ್ಲಿ ಹುರುಳಿಲ್ಲವೆಂದೂ ಕೆಲವರು ಹೇಳುತ್ತಾರೆ. ಇಂದಿನ ಸಂಖ್ಯಾಶಾಸ್ತ್ರದ ಸಿದ್ಧಾಂತಗಳನ್ನೆಲ್ಲ ಆಚಾರ್ಯನು ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದನೆಂದು ಮತ್ತೆ ಕೆಲವರು ಸಂಭ್ರಮಿಸುತ್ತಾರೆ. ಮೊದಲನೆಯವರು ಲೆಕ್ಕವನ್ನು ಮಾಡಿ ನೋಡಿಲ್ಲ. ಎರಡನೆಯವರು ಪದ್ಯವನ್ನು ಓದಿ ನೋಡಿಲ್ಲ. ಸಂಖ್ಯೆಯ ಗುಣಗಳಲ್ಲಿ ಯಾವುವು ಅದರ ಬರಹಕ್ಕೆ ಸೇರಿದುವು, ಯಾವುವು ಅದರ ಮೊತ್ತಕ್ಕೆ ಸೇರಿದುವು ಎಂಬ ವಿವೇಕವು ಎರಡು ಪಕ್ಷಗಳಲ್ಲಿಯೂ ಕಾಣುವುದಿಲ್ಲ.

ಈ ವಿವೇಕಕ್ಕೆ ಬೇಕಾದ ಉಪಕರಣವು ಸಾಹಿತ್ಯದ ಅಧ್ಯಾಪಕರ ಕೈಯಲ್ಲಿಯೇ ಇದೆ. ಕವಿರಾಜಮಾರ್ಗವು ಶಬ್ದಾಲಂಕಾರಗಳಿಗೆ ಒಂದು ಪರಿಚ್ಛೇದವನ್ನೂ ಅರ್ಥಾಲಂಕಾರಗಳಿಗೆ ಮತ್ತೊಂದನ್ನೂ ಮೀಸಲಿಟ್ಟಿದೆ. ಇವೆರಡನ್ನು ಬೇರ್ಪಡಿಸುವ ಒರೆಗಲ್ಲನ್ನು ಹನ್ನೊಂದನೆಯ ಶತಮಾನದ ಮಮ್ಮಟನು ಸ್ಪಷ್ಟಪಡಿಸಿದನು. ಒಂದು ಪದವನ್ನು ತೆಗೆದು ಅದೇ ಅರ್ಥದ ಬೇರೆ ಪದವನ್ನಿಟ್ಟಾಗ ಅಲಂಕಾರವು ಅಳಿದರೆ ಅದು ಶಬ್ದದ್ದು, ಉಳಿದರೆ ಅರ್ಥದ್ದು. ಭಾರವಿಯೂ ಮಾಘನೂ ತಮ್ಮ ಕಾವ್ಯಗಳ ಯುದ್ಧಸರ್ಗಗಳಲ್ಲಿ ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಗತಪ್ರತ್ಯಾಗತ ಪದ್ಯಗಳನ್ನು ರಚಿಸಿದ್ದಾರೆ. ಅವುಗಳಲ್ಲಿ ಒಂದು ಪದಕ್ಕೆ ಪರ್ಯಾಯವನ್ನಿಟ್ಟರೂ ಚಿತ್ರವು ಚದರಿಹೋಗುತ್ತದೆ.

ಸಂಖ್ಯೆಗೂ ಪರ್ಯಾಯಪದಗಳುಂಟೆ? ಉಂಟು. ಒಂದೇ ಮೊತ್ತವನ್ನು ಹತ್ತರ ಗುಂಪುಗಳಾಗಿ ಎಣಿಸಿ ಬರೆಯುವಂತೆ ಎಂಟರ ಗುಂಪುಗಳಾಗಿಯೂ ಏಳರ ಗುಂಪುಗಳಾಗಿಯೂ ಎಣಿಸಿ ಬರೆಯಬಹುದು. ಮೊತ್ತವು ಅದೇ, ಬರಹವು ಬೇರೆ. ಒಂದೊಂದು ಜಿನಾಲಯಕ್ಕೆ ೧೩೯ ಪುಷ್ಯರಾಗಮಣಿಗಳಂತೆ ೧೦೯ ಜಿನಾಲಯಗಳಿಗೆ ಎಷ್ಟು ಮಣಿಗಳು ಬೇಕೆಂದು ಆಚಾರ್ಯನು ಕೇಳುತ್ತಾನೆ. ಉತ್ತರ ೧೫೧೫೧, ಇದೂ ಹಾರದಂತೆಯೇ ಇದೆ. ಆದರೆ ಇದೇ ಮಣಿರಾಶಿಯನ್ನು ಎಂಟೆಂಟಾಗಿ ಎಣಿಸುವವನು ಬರೆದರೆ ೩೫೪೫೭ ಆಗುತ್ತದೆ. ಹಾರವು ಹರಿಯಿತು. ೧೩೯, ೧೦೯ ಎರಡೂ ಅವಿಭಾಜ್ಯ ಸಂಖ್ಯೆಗಳು. ಆದುದರಿಂದ ೧೫೧೫೧ನ್ನು ಒಡೆಯಲು ಬೇರೆ ದಾರಿಯೇ ಇಲ್ಲ. ಆ ಗುಣವು ಯಾವ ಎಣಿಕೆಯಲ್ಲಿಯೂ ಕೆಡುವುದಿಲ್ಲ. ಅದು ಅರ್ಥದ ಗುಣ. ಇಮ್ಮುಖವಾಗಿ ಒಂದೇ ಆಗಿರುವುದು ಕೇವಲ ಶಬ್ದದ ಗುಣ.

ಈ ಒರೆಗಲ್ಲಿಗೆ ೧೨೩೪೫೬೫೪೩೨೧ನ್ನು ತಿಕ್ಕಿದಾಗ ವಿಷಯವು ಇಷ್ಟು ಸರಳವಾಗಿ ತೀರುವುದಿಲ್ಲ. ಎಂಟರ ಎಣಿಕೆಯಲ್ಲಿ ಈ ಮೊತ್ತವು ೧೩೩೭೬೬೭೩೬೦೬೧ ಎಂದಾಗಿ ತನ್ನ ಚೆಲುವನ್ನು ಕಳೆದುಕೊಳ್ಳುವುದು ನಿಜ. ಆದರೆ ಇದರ ಹುಟ್ಟನ್ನು ವಿಚಾರಿಸಬೇಕು. ಇದು ೧೧೧೧೧೧ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಹಲಗೆಯ ಮೇಲೆ ಗುಣಿಸುವ ಬಾಲಕನು ಆರು ಸಾಲುಗಳನ್ನು ಒಂದರ ಕೆಳಗೊಂದು, ಒಂದೊಂದು ಸ್ಥಾನ ಸರಿಸಿ, ಬರೆಯುತ್ತಾನೆ. ಕೂಡಿದಾಗ ಬಲತುದಿಯ ಕಂಬದಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ನಡುಗಂಬದಲ್ಲಿ ಆರು, ಮತ್ತೆ ಇಳಿದು ಎಡತುದಿಯಲ್ಲಿ ಒಂದು ದೊರೆಯುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ಮುಂದಿನ ಸ್ಥಾನಕ್ಕೆ ಏನನ್ನೂ ಏರಿಸಬೇಕಾದುದಿಲ್ಲ. ಇಲ್ಲಿ ಹತ್ತೆಂಬುದಕ್ಕೆ ವಿಶೇಷವಾದ ಕೆಲಸವೇನೂ ಇಲ್ಲ. ಆರಕ್ಕಿಂತ ದೊಡ್ಡದಾಗಿದ್ದರೆ ಸಾಕು. ಏಳರ ಎಣಿಕೆಯವರು ೧೨೩೪೫೬೫೪೩೨೧ ಎಂದು ಬರೆದರೆ ಅದರ ಮೊತ್ತವು ಹತ್ತರ ಎಣಿಕೆಯಲ್ಲಿ ೩೮೪೪೭೩೬೬೪; ಅದು ೧೯೬೦೮ರ ವರ್ಗ; ಆ ೧೯೬೦೮ಾದರೂ ಅವರ ಬರಹದಲ್ಲಿ ಆರು ಒಂದುಗಳೇ. ಎಂದರೆ ಈ ಏರಿಳಿತದ ಆಕೃತಿಯು ಆರಕ್ಕೆ ಮೇಲ್ಪಟ್ಟ ಯಾವ ಎಣಿಕೆಯಲ್ಲಿ ಕಾಣಿಸಿಕೊಂಡರೂ ಅದು ವರ್ಗಸಂಖ್ಯೆಯೇ ಆಗಿರುತ್ತದೆ. ಮೊತ್ತವು ಬೇರೆಯಾದರೂ ಆಕೃತಿಗೂ ವರ್ಗತ್ವಕ್ಕೂ ಇರುವ ನಂಟು ಬಿಡುವುದಿಲ್ಲ. ೧೫೧೫೧ರಲ್ಲಿ ಶಬ್ದವು ಅರ್ಥದ ಮೇಲೆ ಆಕಸ್ಮಿಕವಾಗಿ ಕುಳಿತಿತ್ತು. ಇಲ್ಲಿ ಶಬ್ದವು ಅರ್ಥದಿಂದಲೇ ಮೂಡಿದೆ. ಆಲಂಕಾರಿಕರು ಯಮಕಕ್ಕಿಂತ ಶ್ಲೇಷದ ವಿಷಯದಲ್ಲಿ ಹೆಚ್ಚು ವಾದಮಾಡಿದುದು ಏತಕ್ಕೆಂಬುದನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ.

ಇನ್ನು ಮೊತ್ತದ ಗುಣಗಳು. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಆದುದರಿಂದ ಅದರ ವರ್ಗದಲ್ಲಿ ಈ ಐದೂ ಎರಡೆರಡು ಸಲ ಬರುತ್ತವೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಐದು ಕಡೆ ಮೂರು ಮೂರು ದಾರಿಗಳಿರಲು ಒಟ್ಟು ಭಾಜಕಗಳು ೨೪೩. ಅಂಕಗಳನ್ನೆಲ್ಲ ಕೂಡಿದರೆ ೩೬. ಅದೂ ಆರರ ವರ್ಗ. ಗ್ರೀಕರಲ್ಲಿ ನಿಕೋಮಾಕಸನು ಹೇಳಿರುವ ವರ್ಗೀಕರಣವೊಂದುಂಟು. ಒಂದು ಸಂಖ್ಯೆಯ ಭಾಜಕಗಳಲ್ಲಿ ಆ ಸಂಖ್ಯೆಯನ್ನುಳಿದು ಮಿಕ್ಕವನ್ನು ಕೂಡಿದಾಗ ಮೊತ್ತವು ಸಂಖ್ಯೆಗೆ ಸಮವಾದರೆ ಅದು ಪೂರ್ಣ, ಕಡಮೆಯಾದರೆ ನ್ಯೂನ, ಹೆಚ್ಚಾದರೆ ಅಧಿಕ. ಈ ಅಳತೆಯಲ್ಲಿ ೧೧೧೧೧೧ ನ್ಯೂನ. ಅದರ ಭಾಜಕಗಳ ಮೊತ್ತ ೯೩೧೭೭ ಮಾತ್ರ. ಅದರ ವರ್ಗವಾದರೋ ಅಧಿಕ. ಅದರ ಭಾಜಕಗಳ ಮೊತ್ತ ೧೩೦೨೯೮೭೦೬೭೨. ಬೆಸಸಂಖ್ಯೆಗಳಲ್ಲಿ ಅಧಿಕವಾದುವು ವಿರಳ. ಅವುಗಳಲ್ಲಿ ಅತ್ಯಂತ ಚಿಕ್ಕದು ೯೪೫. ಆದರೆ ಇವೆಲ್ಲ ಆಚಾರ್ಯನ ಮಾತುಗಳಲ್ಲ. ಗಣಿತಸಾರಸಂಗ್ರಹದಲ್ಲಿ ಈ ಬಗೆಯ ವರ್ಗೀಕರಣವಿಲ್ಲ. ಜೈನಾಗಮಗಳಿಗೆ ಪ್ರಿಯವಾದದ್ದು ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಬೇರೊಂದು ವಿಭಾಗ. ಸಂಖ್ಯೆಯೊಳಗೆ ಇರುವುದೆಲ್ಲವೂ ಅದನ್ನು ಹೆಸರಿಸಿದವನ ತಿಳಿವಿನೊಳಗೂ ಇತ್ತೆಂದು ವಾದಿಸುವುದು ಎರಡನೆಯ ಪಕ್ಷದವರ ಮುಖ್ಯದೋಷ.

ಹಾಗಾದರೆ ಆಚಾರ್ಯನಿಗೆ ತಿಳಿದಿದ್ದುದೆಷ್ಟು? ಇದಕ್ಕೆ ಲೆಕ್ಕವೇ ಸಾಕ್ಷಿ. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಹಾರದ ಐದು ಅವಿಭಾಜ್ಯಗಳಲ್ಲಿ ೩, ೭ ಎಂಬೆರಡನ್ನು ಒಂದು ಕಡೆಗೂ, ೧೧, ೧೩, ೩೭ ಎಂಬ ಮೂರನ್ನು ಇನ್ನೊಂದು ಕಡೆಗೂ ಹಂಚಿ, ಎರಡು ಕಡೆಯನ್ನೂ ವರ್ಗಮಾಡಿದ್ದಾನೆ. ಇದು ಕಣ್ಣುಮುಚ್ಚಿ ಕಲ್ಲೆಸೆದು ಹಣ್ಣು ಬೀಳಿಸಿದ ಹಾಗಲ್ಲ. ಲಬ್ಧವನ್ನು ಮೊದಲು ನಿಶ್ಚಯಿಸಿ, ಅದನ್ನು ಒಡೆದು, ಬಳಿಕ ಪ್ರಶ್ನೆಯನ್ನು ಕಟ್ಟಲಾಗಿದೆ. ಉಳಿದ ಹಾರಗಳೂ ಇದನ್ನೇ ಸಾರುತ್ತವೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು ಬರುತ್ತವೆ. ೩೭೦೩೭೦೩೭ನ್ನು ೩ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಆ ಲಬ್ಧವನ್ನು ಮತ್ತೆ ಒಂದರಿಂದ ಒಂಬತ್ತರವರೆಗೆ ಗುಣಿಸಿ ನೋಡೆಂದು ಆಚಾರ್ಯನೇ ಸೂಚಿಸುತ್ತಾನೆ. ಎಂಟು ಒಂದುಗಳನ್ನು ೭೩ ನಿಶ್ಶೇಷವಾಗಿ ಭಾಗಿಸುವುದೆಂಬುದು ಸುಮ್ಮನೆ ಹೊಳೆಯುವ ಸಂಗತಿಯಲ್ಲ. ಅದನ್ನು ಹುಡುಕಿಯೇ ಪಡೆದಿರಬೇಕು.

ಏರಿಕೆಯನ್ನು ಆರಕ್ಕೇ ನಿಲ್ಲಿಸಿದುದಕ್ಕೂ ಇಲ್ಲಿಯೇ ಕಾರಣ ದೊರೆಯುವಂತಿದೆ. ಒಂಬತ್ತು ಒಂದುಗಳವರೆಗೆ ಈ ರಚನೆಯು ಕೆಡದೆ ನಡೆಯುತ್ತದೆ. ಬೇಕಿದ್ದರೆ ಒಂಬತ್ತರವರೆಗೂ ಏರಿ ಇಳಿಯುವ ಹದಿನೇಳು ಅಂಕಗಳ ಹಾರವನ್ನು ತೊಡಿಸಬಹುದಾಗಿತ್ತು. ಆದರೆ ಐದು ಒಂದುಗಳು ೪೧, ೨೭೧ ಎಂದು ಮಾತ್ರ ಒಡೆಯುತ್ತವೆ; ಏಳು ಒಂದುಗಳು ೨೩೯, ೪೬೪೯ ಎಂದು. ಇವುಗಳ ವರ್ಗಗಳಿಂದ ಗುಣಿಸೆಂದರೆ ವಿದ್ಯಾರ್ಥಿಯ ಬೆವರಿಳಿಯುವುದೇ ಹೊರತು ಪಾಠಕ್ಕೆ ಬೆಡಗು ಬರುವುದಿಲ್ಲ. ಆರು ಒಂದುಗಳಲ್ಲಿ ಚಿಕ್ಕ ಚಿಕ್ಕ ಅವಿಭಾಜ್ಯಗಳು ಐದು ಕೂಡಿಕೊಂಡಿವೆ. ೪೪೧ರಂತಹ ಕೈಗೆ ಹಗುರವಾದ ಗುಣಕವು ಅಲ್ಲಿ ಸುಲಭವಾಗಿ ಸಿಕ್ಕುತ್ತದೆ. ಇದನ್ನು ಆಚಾರ್ಯನು ಸೂತ್ರವಾಗಿ ಎಲ್ಲಿಯೂ ಹೇಳಿಲ್ಲ. ಸೂತ್ರವಾಗಿ ಹೇಳದುದನ್ನು ಸಿದ್ಧಾಂತವೆಂದು ಅವನ ಮೇಲೆ ಹೊರಿಸಲಾಗದು. ಹಾಗೆಂದು ಕೈಯಲ್ಲಿ ಕಂಡ ಕುಶಲತೆಯನ್ನು ಇಲ್ಲವೆನ್ನಲೂ ಆಗದು.

ಬಾಲರಂಜನೆಯೆಂಬ ಆಕ್ಷೇಪಕ್ಕೆ ಉತ್ತರವನ್ನು ಪದ್ಯದ ರೀತಿಯಲ್ಲಿ ಹುಡುಕಬೇಕು. ಪದ್ಯದಲ್ಲಿ ಅಂಕಗಳನ್ನು ಹೇಳುವ ಸಂಪ್ರದಾಯವು ಏಕಸ್ಥಾನದಿಂದ ಎಡಕ್ಕೆ ಸಾಗುವುದು. ರಂಗಾಚಾರ್ಯರು ತಮ್ಮ ಭಾಷಾಂತರದಲ್ಲಿ ಇದನ್ನು ಕಂಸಗಳೊಳಗೆ ಮತ್ತೆ ಮತ್ತೆ ನೆನಪುಮಾಡಿಕೊಡುತ್ತಾರೆ. ಕೇಳಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಬರೆದುಬಿಡುವುದು ಹೊಸಬನ ಸಹಜವಾದ ತಪ್ಪು. ೧೫೨೨೦೭ನ್ನು ಹೀಗೆ ತಿರುವುಮುರುವಾಗಿ ೭೦೨೨೫೧ ಎಂದು ಬರೆದುಕೊಂಡವನು ೭೩ರಿಂದ ಗುಣಿಸಿದರೆ ೫೧೨೬೪೩೨೩ ಬರುತ್ತದೆ. ಇದು ಹಾರವಲ್ಲವೆಂಬುದು ನೋಡಿದೊಡನೆಯೇ ಗೊತ್ತಾಗುತ್ತದೆ. ಗುರುವು ಬಳಿಯಲ್ಲಿಲ್ಲದಿದ್ದರೂ ಉತ್ತರವೇ ತಿದ್ದುತ್ತದೆ. ಲಬ್ಧದ ವಿಷಯದಲ್ಲಿ ಮಾತ್ರ ದಿಕ್ಕಿನ ಗೊಂದಲವೇ ಇಲ್ಲ. ಹಾರಕ್ಕೆ ಎಡಬಲಗಳು ಒಂದೇ. ಅಂಕಗಳ ಗತಿಯನ್ನು ಕಲಿಸುವ ಪಾಠಕ್ಕೆ ಇದಕ್ಕಿಂತ ಯೋಗ್ಯವಾದ ಉದಾಹರಣೆಯು ದೊರೆಯಲಾರದು. ಅಲಂಕಾರವೆಂದು ತೋರಿದುದು ಇಲ್ಲಿ ತಾಳೆನೋಡುವ ಸಾಧನವಾಗಿದೆ.

ಈ ಹಾರವು ಕಿವಿಗೆ ಕಾಣುವುದಿಲ್ಲ ಎಂಬುದನ್ನೂ ಗಮನಿಸಬೇಕು. ಇಂದಿನ ರೂಢಿಯಂತೆ ಈ ಸಂಖ್ಯೆಯನ್ನು ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದಾಗುತ್ತದೆ. ಇಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಲೇವಾದೇವಿಗಾರನ ಖಾತೆಯ ಬಾಕಿಯಂತಿದೆ. ಆಚಾರ್ಯನ ಸ್ಥಾನನಾಮಗಳಲ್ಲಿ ಹಾಗಾಗುವುದಿಲ್ಲ. ಅವನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಒಂದೊಂದು ಹೆಸರನ್ನು ಕೊಟ್ಟಿದ್ದಾನೆ. ಅದರಂತೆ ಈ ಸಂಖ್ಯೆಯು ಅರ್ಬುದ ಒಂದು, ಶತಕೋಟಿ ಎರಡು, ದಶಕೋಟಿ ಮೂರು, ಕೋಟಿ ನಾಲ್ಕು, ದಶಲಕ್ಷ ಐದು, ಲಕ್ಷ ಆರು ಎಂದು ಏರಿ, ದಶಸಹಸ್ರ ಐದು, ಸಹಸ್ರ ನಾಲ್ಕು, ಶತ ಮೂರು, ದಶ ಎರಡು, ಏಕ ಒಂದು ಎಂದು ಇಳಿಯುತ್ತದೆ. ಹನ್ನೊಂದು ಮಣಿಗಳ ನಡುವಣ ಪದಕವು ಲಕ್ಷಸ್ಥಾನದಲ್ಲಿ ತೂಗುತ್ತದೆ. ಪ್ರತಿ ಸ್ಥಾನಕ್ಕೂ ಪ್ರತ್ಯೇಕವಾದ ಹೆಸರಿಲ್ಲದ ಭಾಷೆಯಲ್ಲಿ ಈ ಹಾರವನ್ನು ಬರೆದು ತೋರಿಸಬಹುದೇ ಹೊರತು ನುಡಿದು ತೋರಿಸಲಾಗುವುದಿಲ್ಲ. ಭಾಷಾಂತರಕಾರರು ಪದ್ಯವನ್ನು ಬಿಡಿಸಿ ಅಂಕಗಳನ್ನಷ್ಟೇ ಅಚ್ಚುಮಾಡುವಾಗ ಕಳೆದುಹೋಗುವ ಸಾರಸ್ಯವು ಇದೇ. ಹನ್ನೊಂದನೆಯ ಶತಮಾನದಲ್ಲಿ ಈ ಗ್ರಂಥವನ್ನು ತೆಲುಗಿಗೆ ತಂದ ಪಾವುಲೂರಿ ಮಲ್ಲನನಾಗಲಿ, ಬಳಿಕ ಕನ್ನಡದಲ್ಲಿ ವ್ಯವಹಾರಗಣಿತವನ್ನು ರಚಿಸಿದ ರಾಜಾದಿತ್ಯನಾಗಲಿ ಪದ್ಯವನ್ನು ಬಿಟ್ಟುಕೊಡದಿದ್ದುದು ಕೇವಲ ಕಾಲಧರ್ಮವೆನ್ನಲು ಸಾಧ್ಯವಿಲ್ಲ.

ಗ್ರಂಥಾರಂಭದಲ್ಲಿ ಆಚಾರ್ಯನು ಗಣಿತಕ್ಕೆ ಮನ್ನಣೆಯುಳ್ಳ ವಿದ್ಯೆಗಳನ್ನು ಎಣಿಸುವಾಗ ಪಾಕಶಾಸ್ತ್ರ, ವೈದ್ಯ, ವಾಸ್ತುಗಳೊಡನೆ ಛಂದಸ್ಸು, ಅಲಂಕಾರ, ಕಾವ್ಯಗಳನ್ನೂ ಹೆಸರಿಸುತ್ತಾನೆ. ಛಂದಸ್ಸಿನಲ್ಲಿ ಪ್ರಸ್ತಾರದ ಲೆಕ್ಕವಿರುವುದರಿಂದ ಅದು ಸಹಜ. ಅಲಂಕಾರವನ್ನು ಹೆಸರಿಸಿದುದು ವಾಡಿಕೆಯ ಮಾತೆಂದು ತಳ್ಳಿಹಾಕುವ ಮೊದಲು ಈ ಹಾರಗಳನ್ನು ನೋಡಬೇಕು.

ಗ್ರಂಥಸಂಪಾದಕರಿಗೆ ಈ ಕಂಠಿಕೆಗಳಿಂದ ಆಗುವ ಉಪಕಾರವು ಇನ್ನೂ ಹೆಚ್ಚಿನದು. ಓಲೆಯಿಂದ ಓಲೆಗೆ ಇಳಿಯುವಾಗ ಸಂಖ್ಯಾವಾಚಕ ಪದವೊಂದು ತಪ್ಪಿದರೆ ಛಂದಸ್ಸು ಅದನ್ನು ಯಾವಾಗಲೂ ಹಿಡಿದುಕೊಡಲಾರದು. ಒಂದೇ ಮಾತ್ರೆಯ ಎರಡು ಪದಗಳು ಸುಲಭವಾಗಿ ಅದಲುಬದಲಾಗುತ್ತವೆ. ಕಂಠಿಕೆಯೆಂದು ಹೇಳಿರುವ ಕಡೆಗಳಲ್ಲಿ ಲಬ್ಧವು ಹಾರವಾಗದಿದ್ದರೆ ಪಾಠವು ಕೆಟ್ಟಿದೆಯೆಂದು ನಿಶ್ಚಯಿಸಬಹುದು. ಇದಕ್ಕೆ ಒಂದು ನಿದರ್ಶನವು ಗ್ರಂಥದಲ್ಲಿಯೇ ಇದೆ. ಏಳರಿಂದ ಗುಣಿಸುವ ಲೆಕ್ಕಗಳು ಎರಡುಂಟು. ಒಂದರಲ್ಲಿ ಗುಣ್ಯವು ೧೪೨೮೭೧೪೩, ಇನ್ನೊಂದರಲ್ಲಿ ೧೪೨೮೫೭೧೪೩. ಎರಡಕ್ಕೂ ಇರುವ ಭೇದವು ನಡುವಣ ಒಂದು ಐದು ಮಾತ್ರ. ಲಿಪಿಕಾರನು ಒಂದಂಕವನ್ನು ನುಂಗಿದನೆಂದೂ, ಎರಡೂ ಒಂದೇ ಲೆಕ್ಕದ ಎರಡು ಪಾಠಗಳೆಂದೂ ಅವಸರದ ಸಂಪಾದಕನು ಊಹಿಸಿ, ಮೊದಲನೆಯದನ್ನು ತಿದ್ದಿಬಿಡಬಹುದು. ಗುಣಿಸಿ ನೋಡಿದರೆ ಮೊದಲನೆಯದು ೧೦೦೦೧೦೦೦೧ ಆಗುತ್ತದೆ, ಎರಡನೆಯದು ೧೦೦೦೦೦೦೦೦೧. ಎರಡೂ ಹಾರಗಳೇ, ಎರಡು ಪಾಠಗಳೂ ಶುದ್ಧ, ಲೆಕ್ಕಗಳು ಬೇರೆ ಬೇರೆ.

ಆದರೂ ಈ ಕಾವಲು ಎಲ್ಲ ಕಡೆಯೂ ಬಿಗಿಯಾಗಿಲ್ಲ. ಅದೇ ಮೊದಲನೆಯ ಗುಣ್ಯದಲ್ಲಿ ಎಂಟರ ಬದಲು ಒಂಬತ್ತನ್ನು ಬರೆದು ೧೪೨೯೭೧೪೩ ಎಂದು ಮಾಡಿದರೆ ಲಬ್ಧವು ೧೦೦೦೮೦೦೦೧ ಆಗುತ್ತದೆ. ಇದೂ ಎಡಬಲಗಳಿಂದ ಒಂದೇ. ಒಂದು ಸೊನ್ನೆಗಳ ನವುರಾದ ಸರದ ನಡುವೆ ಎಂಟು ಮಾತ್ರ ಹೊಂದದ ಗುಂಡಿನಂತೆ ಕುಳಿತಿದೆಯೆಂಬುದನ್ನು ಬಿಟ್ಟರೆ ಅದನ್ನು ತಪ್ಪೆನ್ನಲು ಗಣಿತದಲ್ಲಿ ಆಧಾರವಿಲ್ಲ. ಅಲ್ಲಿ ಸಂಪಾದಕನು ಇತರ ಹಸ್ತಪ್ರತಿಗಳನ್ನೂ ತನ್ನ ಅಭಿರುಚಿಯನ್ನೂ ನೆಚ್ಚಬೇಕಾಗುತ್ತದೆ.